ಮೆಷಿನ್ನಿನ ಗುಂಡಿ ತಿರುಗಿಸುವ ಮುನ್ನ



ಊರಿನಿಂದ ಅತ್ತೆ-ಮಾವ ಬಂದಿದ್ದರು. ಮಾವನವರ ಎರಡು ಬಿಳಿ ಧೋತರ, ಅತ್ತೆಯವರ ಕೆಂಪು ಇಳಕಲ್ ಸೀರೆ, ಮಗನ ಶಾಲೆಯ ಶರ್ಟು, ಎಲ್ಲವನ್ನೂ ಒಟ್ಟಿಗೆ ಮೆಷಿನ್ನಿಗೆ ತುಂಬಿ, 60 ಡಿಗ್ರಿಗೆ ಇಟ್ಟು ನಾನು ಆಫೀಸಿಗೆ ಓಡಿದೆ. ಸಂಜೆ ನೋಡಿದರೆ ಧೋತರ, ಶರ್ಟು ಎಲ್ಲ ಗುಲಾಬಿ! ಮಾವ ಬೈಯಲಿಲ್ಲ. "ಹೋಳಿ ಹುಣ್ಣಿವಿಗೆ ಇನ್ನೂ ಭಾಳ ದಿನ ಐತಲ್ಲವ್ವಾ" ಎಂದು ನಕ್ಕರು. ಅತ್ತೆ ಮಾತ್ರ ಏನೂ ಮಾತನಾಡದೆ ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಅದು ಅವರ ತಾಯಿ ಕೊಡಿಸಿದ ಸೀರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಧೋತರವನ್ನು ಇನ್ನೊಂದು ಕೊಳ್ಳಬಹುದು. ಆ ಸೆರಗಿನ ಹೊಳಪನ್ನು ಎಲ್ಲಿಂದ ತರುವುದು?

ಅಂದು ನಾನು ಮಾಡಿದ ತಪ್ಪು ಒಂದಲ್ಲ, ಎರಡು. ಬಣ್ಣದ ತಪ್ಪು ಎಲ್ಲರಿಗೂ ಗೊತ್ತಿರುವಂಥದ್ದೇ. ನೂಲಿನ ತಪ್ಪು ಅಷ್ಟು ಬೇಗ ಕಣ್ಣಿಗೆ ಕಾಣುವುದಿಲ್ಲ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನಿನಿಂದ ಆದವು. ನಮ್ಮ ಮಾಮೂಲಿ ಡಿಟರ್ಜೆಂಟ್ ಪುಡಿ ಕ್ಷಾರದ್ದು. ಜೊತೆಗೆ ಹಾಲು, ರಕ್ತ, ಬೆವರಿನ ಕಲೆಗಳನ್ನು ಕತ್ತರಿಸಲೆಂದು ಹಲವು ಪುಡಿಗಳಲ್ಲಿ ಕಿಣ್ವಗಳನ್ನೂ ಸೇರಿಸಿರುತ್ತಾರೆ. ಇದು ಕಲೆಯ ಪ್ರೋಟೀನು, ಇದು ಸೆರಗಿನ ಪ್ರೋಟೀನು ಎಂಬ ಭೇದ ಆ ಕಿಣ್ವಕ್ಕೆ ತಿಳಿಯದು. ಹೀಗಾಗಿ ಎರಡು ನೂಲಿನ ಬಟ್ಟೆಯನ್ನು ಅದರಲ್ಲಿರುವ ಸೂಕ್ಷ್ಮ ನೂಲಿಗೆ ತಕ್ಕಂತೆ ಒಗೆಯಬೇಕು. ಇಂಥ ಸೀರೆಗೆ ಮೆಷಿನ್ ಬೇಡವೇ ಬೇಡ. ತಣ್ಣೀರು, ರೇಷ್ಮೆಗೆಂದೇ ಸಿಗುವ ದ್ರವ ಅಥವಾ ನಮ್ಮ ಅಂಟುವಾಳದ ಕಾಯಿ, ನೆರಳಿನಲ್ಲಿ ಒಣಗಿಸುವುದು, ಇಷ್ಟು ಸಾಕು.

ಬಣ್ಣ ಬಿಡುತ್ತದೆಯೇ ಎಂದು ಅನುಮಾನ ಬಂದರೆ ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡನ್ನು ಒಳ ಹೊಲಿಗೆಯ ಮೇಲೆ ಒತ್ತಿ ಹಿಡಿಯಿರಿ. ತುಂಡಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಬೇರೆಯೇ ಬಕೆಟ್ಟಿಗೆ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಶಾಶ್ವತವಾಗಿ ನಿಲ್ಲುತ್ತದೆ ಎಂದು ನಂಬಿ ಕೂರಬೇಡಿ.

ಇನ್ನು ಕೊಳೆಯ ಲೆಕ್ಕ. ಒಂದೇ ದಿನ ಹಾಕಿದ ಆಫೀಸಿನ ಶರ್ಟು ಮತ್ತು ಅಡುಗೆಮನೆಯ ಜಿಡ್ಡು ಒರೆಸುವ ಬಟ್ಟೆ, ಎರಡೂ ತಿಳಿ ಬಣ್ಣದವೇ ಇರಬಹುದು. ಒಟ್ಟಿಗೆ ಹಾಕಿದರೆ ಜಿಡ್ಡು ಶರ್ಟಿಗೂ ಹಂಚಿಕೆಯಾಗುತ್ತದೆ. ಟವೆಲ್ ಜೊತೆ ಕಪ್ಪು ಪ್ಯಾಂಟು ಹಾಕಿದರೆ ಪ್ಯಾಂಟಿನ ತುಂಬ ಬಿಳಿ ಜುಂಗು. ಜೀನ್ಸ್ ಒಳಮೈ ಹೊರಗೆ ಮಾಡಿ, ಜಿಪ್ ಎಳೆದು ಹಾಕಿ. ಕೊಕ್ಕೆ ಇರುವ ಒಳಉಡುಪುಗಳಿಗೆ ಬಲೆಯ ಚೀಲ ಸಿಗುತ್ತದೆ, ತಂದಿಟ್ಟುಕೊಳ್ಳಿ.

ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ತಜ್ಞ 1959ರಲ್ಲಿ ಒಗೆತದ ಗುಟ್ಟನ್ನು ನಾಲ್ಕು ಮಾತಿನಲ್ಲಿ ಹೇಳಿಬಿಟ್ಟ: ಸೋಪು, ಶಾಖ, ಕುಲುಕಾಟ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವನ್ನು ಹೆಚ್ಚಿಸಬೇಕು. ಮೆಷಿನ್ನಿನ ಮೇಲಿರುವ ಎಲ್ಲ ಹೆಸರುಗಳೂ ಈ ನಾಲ್ಕರ ಕೂಡಿಸಿ ಕಳೆಯುವ ಲೆಕ್ಕವೇ. 'ಕಾಟನ್' ಎಂದರೆ ಜಾಸ್ತಿ ಶಾಖ, ಜಾಸ್ತಿ ಕುಲುಕಾಟ, ಕೊನೆಗೆ ಜೋರು ಸ್ಪಿನ್. 'ಸಿಂಥೆಟಿಕ್' ಎಂದರೆ ಕಡಿಮೆ ಶಾಖ, ಕಡಿಮೆ ಸ್ಪಿನ್, ಸುಕ್ಕು ಬೀಳಬಾರದೆಂದು. 'ಡೆಲಿಕೇಟ್', 'ವುಲನ್' ಎಂದರೆ ಡ್ರಮ್ಮು ತಿರುಗುವುದಕ್ಕಿಂತ ನಿಲ್ಲುವುದೇ ಹೆಚ್ಚು. 'ಇಕೋ' ಎಂದು ಒತ್ತಿದರೆ ಎರಡು-ಮೂರು ಗಂಟೆ ತೋರಿಸುತ್ತದೆಂದು ಗಾಬರಿಯಾಗಬೇಡಿ. ಶಾಖ ಕಡಿಮೆ ಮಾಡಿ ಸಮಯ ಹೆಚ್ಚಿಸಿಕೊಂಡಿದೆ, ಅಷ್ಟೇ. ನಾವೆಲ್ಲ ಇಷ್ಟಪಡುವ 15 ಅಥವಾ 30 ನಿಮಿಷದ 'ಕ್ವಿಕ್' ಇದೆಯಲ್ಲ, ಅದು ಬೆವರು ಮಾತ್ರ ಹತ್ತಿದ ನಾಲ್ಕೈದು ಬಟ್ಟೆಗೆ. ತುಂಬಿದ ಡ್ರಮ್ಮಿಗೆ ಕ್ವಿಕ್ ಹಾಕಿದರೆ ಪುಡಿ ಕೂಡ ಸರಿಯಾಗಿ ಕರಗದೆ ಬಿಳಿ ಗೆರೆಯಾಗಿ ಬಟ್ಟೆಗೇ ಅಂಟಿಕೊಳ್ಳುತ್ತದೆ.

ಶಾಖದ ಖರ್ಚು ಎಷ್ಟು? 25 ಡಿಗ್ರಿಯ 15 ಲೀಟರ್ ನೀರನ್ನು 40ಕ್ಕೆ ಏರಿಸಲು ಸುಮಾರು ಕಾಲು ಯೂನಿಟ್ ಕರೆಂಟು ಬೇಕು. 60ಕ್ಕೆ ಏರಿಸಲು ಅರ್ಧ ಯೂನಿಟ್‌ಗಿಂತ ಹೆಚ್ಚು. ದಿನನಿತ್ಯದ ಹತ್ತಿ ಬಟ್ಟೆಗೆ 40 ಸಾಕು, ಕಿಣ್ವಗಳಿಗೂ ಆ ಬಿಸಿ ಹಿತ. ಹಾಸಿಗೆ ಹೊದಿಕೆ, ಟವೆಲ್, ಜ್ವರ ಬಂದವರ ಬಟ್ಟೆ, ಕೂಸಿನ ಲಂಗೋಟಿ ಇವಕ್ಕೆ 60 ಇಡಿ. ಬಹಳಷ್ಟು ಟಾಪ್ ಲೋಡ್ ಮೆಷಿನ್ನುಗಳಲ್ಲಿ ಹೀಟರ್ ಇರುವುದಿಲ್ಲ. ಅಂಥವರು ಹೆಚ್ಚು ಹೊತ್ತು ನೆನೆಹಾಕಬೇಕು, ಬೇರೆ ದಾರಿಯಿಲ್ಲ.

ನಮ್ಮ ಭಾಷೆಯಲ್ಲಿ 'ಒಗೆ' ಅಂದರೆ ತೊಳೆ ಅಂತಲೂ ಹೌದು, ಎಸೆ ಅಂತಲೂ ಹೌದು. ಫ್ರಂಟ್ ಲೋಡ್ ಮೆಷಿನ್ ಮಾಡುವುದು ನಿಜವಾದ ಕನ್ನಡದ ಒಗೆತ: ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಕ್ಕೆ ಒಗೆಯುತ್ತದೆ, ಹಿತ್ತಿಲ ಕಲ್ಲಿನ ಮೇಲೆ ಅಜ್ಜಿ ಮಾಡುತ್ತಿದ್ದಂತೆ. ಬೀಳಲು ಜಾಗವೇ ಇಲ್ಲದಂತೆ ತುರುಕಿದರೆ ಒಗೆಯುವುದೆಲ್ಲಿಗೆ? ಹತ್ತಿ ಬಟ್ಟೆ ತುಂಬಿದ ಮೇಲೂ ಡ್ರಮ್ಮಿನ ಮೇಲ್ಭಾಗದಲ್ಲಿ ಅಂಗೈ ಆಡುವಷ್ಟು ಜಾಗವಿರಲಿ. ಸಿಂಥೆಟಿಕ್‌ಗೆ ಅರ್ಧ ಡ್ರಮ್ಮು, ಉಣ್ಣೆಗೆ ಮೂರನೇ ಒಂದು ಭಾಗ. 7 ಕೆಜಿ ಎಂದು ಬರೆದಿರುವುದು ಒಣ ಹತ್ತಿ ಬಟ್ಟೆಯ ತೂಕ. ನೊರೆ ಜಾಸ್ತಿಯಾದರೂ ಕಷ್ಟ: ನೊರೆಯ ಮೆತ್ತೆಯ ಮೇಲೆ ಬಟ್ಟೆ ಮೆತ್ತಗೆ ಬೀಳುತ್ತದೆ, ಕೊಳೆ ಹೋಗುವುದಿಲ್ಲ. ಹಾಗಾಗಿ ಫ್ರಂಟ್ ಲೋಡ್‌ಗೆ ಕಡಿಮೆ ನೊರೆಯ ಪುಡಿಯನ್ನೇ ತನ್ನಿ. ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಇರುವವರಿಗೆ ಒಂದು ಅನುಕೂಲವಿದೆ. ಅದೇ ಸೋಪು ನೀರಿನಲ್ಲಿ ಮೊದಲು ಬಿಳಿ, ಆಮೇಲೆ ತಿಳಿ ಬಣ್ಣ, ಕೊನೆಗೆ ಗಾಢ ಬಣ್ಣ. 2019ರ ಬೇಸಿಗೆಯಲ್ಲಿ ಚೆನ್ನೈನ ನೀರಿನ ಬವಣೆ ಕಂಡವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ನೀರಿನ ಮಾತು ಬಂತು. ಮುಂಬಯಿಗೆ ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳಿಂದ ಬರುವುದು ಮೆದು ನೀರು, ಸ್ವಲ್ಪ ಪುಡಿಗೇ ನೊರೆ ಬರುತ್ತದೆ. ಅಲ್ಲಿಂದ ಹೈದರಾಬಾದಿಗೋ ಚೆನ್ನೈಗೋ ವರ್ಗವಾಗಿ ಬೋರ್‌ವೆಲ್ ನೀರಿನ ಫ್ಲ್ಯಾಟಿಗೆ ಹೋದವರು "ಅದೇ ಪುಡಿ, ಅದೇ ಮೆಷಿನ್, ಬಿಳಿ ಬಟ್ಟೆ ಮಾತ್ರ ಮಾಸಲು" ಎಂದು ದೂರುವುದುಂಟು. ಅದು ಗಡಸು ನೀರಿನ ಕೆಲಸ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನ ಶಕ್ತಿಯನ್ನು ನುಂಗಿಬಿಡುತ್ತವೆ. ನಲ್ಲಿಯ ಬಾಯಿಗೆ, ಬಕೆಟ್ಟಿನ ಅಂಚಿಗೆ ಬಿಳಿ ಸುಣ್ಣ ಕಟ್ಟಿದ್ದರೆ ನಿಮ್ಮದು ಗಡಸು ನೀರು. ಪುಡಿಯ ಅಳತೆ ಸ್ವಲ್ಪ ಹೆಚ್ಚಿಸಿ, ಇನ್ನೊಂದು ಸಲ ಜಾಲಿಸಿ.

ಕಲೆಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ರಕ್ತ, ಹಾಲು, ಮೊಟ್ಟೆಯ ಕಲೆಗೆ ಮೊದಲು ತಣ್ಣೀರೇ ಆಗಬೇಕು. ಬಿಸಿನೀರು ಬಿದ್ದರೆ ಬೆಂದು ಕೂತುಬಿಡುತ್ತದೆ. ಸಾರಿನ ಅರಿಶಿನದ ಕಲೆ ಸೋಪು ತಗುಲಿದೊಡನೆ ಕೆಂಪಾಗುತ್ತದೆ, ಕುಂಕುಮದ ನೀರಿನ ಹಾಗೆ. ಹೆದರಬೇಡಿ, ಅದು ಕ್ಷಾರದ ಗುಣ, ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಉಳಿದದ್ದನ್ನು ಬಿಸಿಲಿಗೆ ಬಿಡಿ. ಅರಿಶಿನಕ್ಕೆ ಬಿಸಿಲಿನಷ್ಟು ದೊಡ್ಡ ಶತ್ರು ಇಲ್ಲ.

ತೊಳೆದ ಬಟ್ಟೆ ಮುಗ್ಗಲು ವಾಸನೆ ಬಂದರೆ ಮೆಷಿನ್ನನ್ನೇ ತೊಳೆಯಬೇಕು ಎಂದರ್ಥ. ತಿಂಗಳಿಗೊಮ್ಮೆ ಖಾಲಿ ಡ್ರಮ್ಮನ್ನು ಹೆಚ್ಚಿನ ಶಾಖದಲ್ಲಿ ಓಡಿಸಿ, ಬಾಗಿಲಿನ ರಬ್ಬರಿನ ಮಡಿಕೆ ಒರೆಸಿ, ಕೆಲಸ ಮುಗಿದ ಮೇಲೆ ಬಾಗಿಲು ತೆರೆದಿಡಿ (ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀವು ಹತ್ತಿರ ಇರುವಷ್ಟು ಹೊತ್ತು ಮಾತ್ರ). ಮಳೆಗಾಲದ ಮುಂಬಯಿಯಲ್ಲಿ ಹತ್ತಿ ಬಟ್ಟೆಗೆ 1000ಕ್ಕಿಂತ ಹೆಚ್ಚಿನ ಸ್ಪಿನ್ ಇಟ್ಟರೆ ಅರ್ಧ ದಿನದ ಒಣಗುವ ಕೆಲಸ ಉಳಿಯುತ್ತದೆ.

ಆ ಹೋಳಿಯ ನಂತರ ನಮ್ಮ ಮೆಷಿನ್ನಿನ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿದ್ದೇನೆ, ಕನ್ನಡದಲ್ಲಿ: "ಧೋತರ, ಟವೆಲ್ - ಕಾಟನ್, 60. ದಿನದ ಬಟ್ಟೆ - ಕಾಟನ್, 40. ಪಾಲಿಸ್ಟರ್ ಸೀರೆ - ಸಿಂಥೆಟಿಕ್. ರೇಷ್ಮೆ - ಇಲ್ಲಿ ಹಾಕಬಾರದು." ಇಂಗ್ಲಿಷ್ ಅಕ್ಷರ ಓದಲು ಬಾರದ ಅತ್ತೆ ಈಗ ಗುಂಡಿಯ ಸುತ್ತ ನಾನು ಹಚ್ಚಿದ ಬಣ್ಣದ ಚುಕ್ಕೆ ನೋಡಿ ತಾವೇ ಮೆಷಿನ್ ಹಾಕುತ್ತಾರೆ. ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದು ಅವರೇ.