ಹಿಮದ ಹಾದಿಯಲ್ಲಿ ಒಂಟಿ ಹೆಜ್ಜೆ

ಕೃಷ್ಣಾ ತೀರದ ಅಂಕಲಿಯ ಜನರಿಗೆ ಕಾಲ್ನಡಿಗೆ ಹೊಸದೇನಲ್ಲ. ಶಿತೋಳೆ ಸರದಾರರ ಕುದುರೆಗಳು ಪ್ರತಿವರ್ಷ ಇಲ್ಲಿಂದಲೇ ಆಳಂದಿಗೆ ನಡೆದುಹೋಗಿ, ಜ್ಞಾನೇಶ್ವರರ ಪಾಲಖಿಯೊಂದಿಗೆ ಪಂಢರಪುರದ ದಾರಿ ಹಿಡಿಯುತ್ತವೆ. ಆದರೆ ವಾರಿಯಲ್ಲಿ ಯಾರೂ ಒಂಟಿಯಲ್ಲ. ಹಿಂದೆ ಮುಂದೆ ದಿಂಡಿ ಇದ್ದೇ ಇರುತ್ತದೆ. ನಡುಚಳಿಗಾಲದಲ್ಲಿ ಹಿಮಪರ್ವತವನ್ನು ಒಬ್ಬನೇ ಏರುವವನ ಪಾಡೇನು?

ಜಪಾನಿನ ನವೋಮಿ ಉಯೆಮುರಾ ಅಂಥ ಸಾಹಸಿ. 1970ರಲ್ಲಿ ಎವರೆಸ್ಟ್ ಏರಿದವನು. 1978ರಲ್ಲಿ ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಒಬ್ಬನೇ ಉತ್ತರ ಧ್ರುವ ಮುಟ್ಟಿದವನು. 1984ರ ಫೆಬ್ರುವರಿಯಲ್ಲಿ ಆತ ಅಲಾಸ್ಕಾದ ಡೆನಾಲಿಯನ್ನು ಏರಹೊರಟ. ಮೆಕಿನ್ಲಿ ಎಂಬ ಹೆಸರೂ ಇರುವ ಇದು 6,190 ಮೀಟರ್ ಎತ್ತರದ, ಉತ್ತರ ಅಮೆರಿಕದ ಅತ್ಯುನ್ನತ ಪರ್ವತ. ಚಳಿಗಾಲದಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುತ್ತದೆ. ಸೆಲ್ಸಿಯಸ್, ಫ್ಯಾರನ್‌ಹೀಟ್ ಮಾಪಕಗಳೆರಡೂ ಒಂದೇ ಅಂಕಿ ತೋರಿಸುವುದು ಇಲ್ಲಿಯೇ!

ಜೊತೆಗಾರರಿದ್ದರೆ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಳ್ಳುತ್ತಾರೆ. ಒಬ್ಬ ಬಿರುಕಿಗೆ ಬಿದ್ದರೆ ಇನ್ನೊಬ್ಬ ಎಳೆಯುತ್ತಾನೆ. ಒಂಟಿಯಾದ ಉಯೆಮುರಾ ಉದ್ದನೆಯ ಬಿದಿರಿನ ಗಳಗಳನ್ನು ಮೈಗೆ ಕಟ್ಟಿಕೊಂಡ. ಬಿದ್ದರೂ ಅವು ಬಿರುಕಿನ ಬಾಯಿಗೆ ಅಡ್ಡ ಸಿಕ್ಕಿ ತಡೆಯಲಿ ಎಂಬ ಯುಕ್ತಿ.

ಹಿಮವೇ ಕಂಬಳಿ

ಆತ ಡೇರೆಯ ಬದಲು ಹಿಮದಲ್ಲಿ ಗುಹೆ ತೋಡಿ ಮಲಗುತ್ತಿದ್ದ. ಹಿಮದೊಳಗೆ ಬೆಚ್ಚಗಿರುವುದು ಹೇಗೆ? ನಮ್ಮ ಕುರಿಗಾರರ ಕಂಬಳಿಯಲ್ಲೇ ಉತ್ತರವಿದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿದ ಗಾಳಿ ಶಾಖವನ್ನು ಸುಲಭವಾಗಿ ಹೊರಬಿಡದು. ಹಿಮದ ಹರಳುಗಳ ನಡುವೆಯೂ ಅಂಥದೇ ಗಾಳಿಯಿದೆ. ಹೊರಗಿನ ಬಿರುಗಾಳಿಯೂ ಗುಹೆಯನ್ನು ಹೊಗದು. ಬಸಿಯಲ್ಲಿನ ಚಹಾ ಊದಿದರೆ ಬೇಗ ಆರುವುದಿಲ್ಲವೇ? ಹಾಗೆಯೇ ಬೀಸುವ ಗಾಳಿ ಮೈಸುತ್ತಲಿನ ಬೆಚ್ಚನೆಯ ಪದರವನ್ನು ಕಿತ್ತೊಯ್ಯುತ್ತದೆ. ಶಿಖರದಲ್ಲಿ ವಾಯುವಿನ ಒತ್ತಡವೂ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಅದರಿಂದ ದೇಹವಷ್ಟೇ ಅಲ್ಲ, ವಿವೇಕವೂ ಮಂಕಾಗುತ್ತದೆ.

ಫೆಬ್ರುವರಿ 12ರಂದು, ತನ್ನ 43ನೆಯ ಹುಟ್ಟುಹಬ್ಬದ ದಿನವೇ, ಉಯೆಮುರಾ ಶಿಖರ ತಲುಪಿದ. ಚಳಿಗಾಲದಲ್ಲಿ ಅದನ್ನು ಒಬ್ಬನೇ ಏರಿದ ಮೊದಲಿಗ ಆತ. ಮರುದಿನ ರೇಡಿಯೋದಲ್ಲಿ ಆತನ ದನಿ ಕೇಳಿತು. ಆಮೇಲೆ ಮೌನ. ದೇಹ ಸಿಗಲೇ ಇಲ್ಲ.

ಹುಡುಕುವ ಕೈಗಳು

ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದರನ್ನು ನೆನೆಯಿರಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಹತ್ತು ಯೋಧರು ಸಿಲುಕಿದರು. ಸಹಯೋಧರು ಹುಡುಕಾಟ ಬಿಡಲಿಲ್ಲ. ಸುಮಾರು 25 ಅಡಿ ಆಳದಿಂದ, ಆರನೆಯ ದಿನ, ಹನುಮಂತಪ್ಪನವರನ್ನು ಜೀವಂತವಾಗಿ ಹೊರತೆಗೆದರು. ಫೆಬ್ರುವರಿ 11ರಂದು ಅವರು ದೆಹಲಿಯಲ್ಲಿ ವೀರಮರಣ ಹೊಂದಿದರೂ, ಜೊತೆಗಾರರ ಬೆಲೆ ಏನೆಂಬುದನ್ನು ಆ ಆರು ದಿನಗಳು ಹೇಳುತ್ತವೆ.

ಪರ್ವತದ ಆಸೆಯಿರುವ ಮಕ್ಕಳನ್ನು ಪಾಲಕರು ಗದರಿಸಬೇಕಿಲ್ಲ. ಡಾರ್ಜಿಲಿಂಗ್ ಹಾಗೂ ಉತ್ತರಕಾಶಿಯ ಪರ್ವತಾರೋಹಣ ಸಂಸ್ಥೆಗಳಲ್ಲಿ ಕ್ರಮಬದ್ಧ ತರಬೇತಿಯಿದೆ. ಮೊದಲು ಕಲಿಕೆ, ಜೊತೆಗೆ ತಂಡ, ಹವೆ ಕೆಟ್ಟರೆ ಮರಳುವ ಧೈರ್ಯ. ಶಿಖರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.