ವಿ ನೆಕ್ ತಂದ ವ್ಯಾಜ್ಯ

ನಾಡಿಯಾ ಎವೈಡಾ ಬ್ರಿಟಿಷ್ ಏರ್‌ವೇಸ್‌ನ ಚೆಕ್-ಇನ್ ಸಿಬ್ಬಂದಿಯಾಗಿದ್ದರು. ಹಳೆಯ ಯೂನಿಫಾರ್ಮಿನ ಬ್ಲೌಸ್ ಕತ್ತಿನವರೆಗೂ ಮುಚ್ಚುತ್ತಿತ್ತು. ಒಳಗೊಂದು ಶಿಲುಬೆ ಇದ್ದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 2004ರಲ್ಲಿ ಕಂಪನಿ ಯೂನಿಫಾರ್ಮ್ ಬದಲಿಸಿತು, ಕೊರಳು ತೆರೆದುಕೊಂಡಿತು. 2006ರ ಮೇ ತಿಂಗಳಿಂದ ಅವರು ಪುಟ್ಟ ಶಿಲುಬೆಯನ್ನು ಕಾಣುವಂತೆಯೇ ಹಾಕಿಕೊಳ್ಳತೊಡಗಿದರು. ಇದು ಯೂನಿಫಾರ್ಮ್ ನಿಯಮಕ್ಕೆ ವಿರುದ್ಧವೆಂದು ಕಂಪನಿ ಸೆಪ್ಟೆಂಬರಿನಲ್ಲಿ ಅವರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿತು.

ಎಕ್ಸಿಟರ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ವಯೋವೃದ್ಧರ ವಾರ್ಡಿನ ನರ್ಸ್ ಆಗಿದ್ದ ಶರ್ಲಿ ಚಾಪ್ಲಿನ್ ಅವರದೂ ಹೆಚ್ಚುಕಡಿಮೆ ಇದೇ ಕಥೆ. 1971ರಿಂದಲೂ ಕೊರಳಲ್ಲಿ ಶಿಲುಬೆ. 2007ರ ಜೂನ್‌ನಲ್ಲಿ ವಿ ನೆಕ್‌ನ ಹೊಸ ಅಂಗಿ ಬಂತು, ಸರ ಎದ್ದು ಕಂಡಿತು, 2009ರ ಜೂನ್‌ನಲ್ಲಿ ತೆಗೆಯಿರಿ ಎಂದರು. ಇಬ್ಬರ ಭಕ್ತಿಯೂ ಹೊಸದೇನಲ್ಲ. ಹೊಸದಾಗಿದ್ದು ದರ್ಜಿಯ ಕತ್ತರಿ.

ಇಬ್ಬರೂ ಬ್ರಿಟನ್ನಿನಲ್ಲಿ ಸೋತು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2013ರ ಜನವರಿ 15ರಂದು ಒಂದೇ ತೀರ್ಪಿನಲ್ಲಿ ಎವೈಡಾ ಗೆದ್ದರು, ಚಾಪ್ಲಿನ್ ಸೋತರು.

ಶಿಲುಬೆ ಅದೇ, ಧರ್ಮವೂ ಅದೇ. ಬೇರೆಯಾಗಿದ್ದು, ಬೇಡ ಎಂದವರು ಕೊಟ್ಟ ಕಾರಣ. ವಿಮಾನ ಕಂಪನಿ ಹೇಳಿದ್ದು ತನ್ನ ವರ್ಚಸ್ಸಿನ ಮಾತು. ಆದರೆ ಅದೇ ಕಂಪನಿ ಸಿಖ್ಖರಿಗೆ ಪೇಟ, ಮುಸ್ಲಿಂ ಮಹಿಳೆಯರಿಗೆ ತಾನು ಒಪ್ಪಿದ ಬಣ್ಣದ ಶಿರವಸ್ತ್ರ ಬಿಟ್ಟುಕೊಟ್ಟಿತ್ತು. ಅದರಿಂದ ವರ್ಚಸ್ಸಿಗೆ ಧಕ್ಕೆಯಾಗಿದ್ದಕ್ಕೆ ಪುರಾವೆ ಇರಲಿಲ್ಲ. ಸಾಲದ್ದಕ್ಕೆ 2007ರ ಫೆಬ್ರವರಿಯಲ್ಲಿ ನಿಯಮವನ್ನೇ ಸಡಿಲಿಸಿತು. ಇಷ್ಟು ಸುಲಭವಾಗಿ ಬಿಡಬಹುದಾಗಿದ್ದ ನಿಯಮಕ್ಕಾಗಿ ಒಬ್ಬಾಕೆಯ ತಿಂಗಳುಗಟ್ಟಲೆ ಸಂಬಳ ಕಳೆಯಬೇಕಿತ್ತೇ? ಇಬ್ಬರು ನ್ಯಾಯಮೂರ್ತಿಗಳ ಭಿನ್ನಮತದ ನಡುವೆ ಐವರು ಎವೈಡಾ ಪರ ನಿಂತರು. ಬ್ರಿಟನ್ ಸರ್ಕಾರ 2,000 ಯೂರೋ ಪರಿಹಾರ ಕೊಡಬೇಕೆಂದಾಯಿತು. ಮೊತ್ತ ದೊಡ್ಡದೇನಲ್ಲ, ಬಿಡಿ.

ಆಸ್ಪತ್ರೆಯ ಕಾರಣಕ್ಕೆ ತೂಕವಿತ್ತು. ಹಾಸಿಗೆ ಹಿಡಿದ ಮುದುಕರನ್ನು ಎತ್ತಿ ಕೂರಿಸುವಾಗ ನರ್ಸ್ ಬಾಗಲೇಬೇಕು. ಗಾಬರಿಯಲ್ಲಿ ರೋಗಿ ಕೈಗೆ ಸಿಕ್ಕ ಸರ ಹಿಡಿದು ಜಗ್ಗಬಹುದು. ಜೋತಾಡುವ ಶಿಲುಬೆ ತೆರೆದ ಗಾಯಕ್ಕೆ ತಾಗಬಹುದು. ನಮ್ಮ ನರ್ಸಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡ್ಯೂಟಿಗೆ ಇಳಿಯುವ ಮುನ್ನ ತಾಳಿ ಸರವನ್ನು ಒಳಗೆ ಸೇರಿಸಿ ಪಿನ್ ಚುಚ್ಚಿಕೊಳ್ಳುವವರು ಎಷ್ಟು ಜನವಿಲ್ಲ! ಎಕ್ಸಿಟರ್ ಆಸ್ಪತ್ರೆ ಸಿಖ್ ನರ್ಸ್‌ಗಳಿಗೂ ಬಳೆ, ಕಿರ್ಪಾಣ ಬೇಡವೆಂದಿತ್ತು; ಹಿಜಾಬ್ ಹಾಕುವ ವೈದ್ಯರಿಗೆ ತಲೆಗೆ ಬಿಗಿಯಾಗಿ ಕೂರುವಂಥದ್ದನ್ನು ಒಪ್ಪಿತ್ತು. ವಾರ್ಡಿನ ಅಪಾಯ ಏನೆಂದು ಅಲ್ಲಿಯ ಮೇಲಧಿಕಾರಿಗಳಿಗೇ ಚೆನ್ನಾಗಿ ಗೊತ್ತು ಎಂದಿತು ನ್ಯಾಯಾಲಯ. ಇಲ್ಲಿ ಭಿನ್ನಮತ ಬರಲಿಲ್ಲ.

ತೀರ್ಪು ಸರಿಯೆಂದೇ ನನಗೂ ಅನ್ನಿಸುತ್ತದೆ. ಆದರೂ ಚಾಪ್ಲಿನ್ ಪ್ರಕರಣ ಓದುವಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ. ಆಸ್ಪತ್ರೆ ಹಟ ಹಿಡಿದಿರಲಿಲ್ಲ: ಬ್ರೂಚಿನಂತೆ ಚುಚ್ಚಿಕೊಳ್ಳಿ, ಇಲ್ಲವೇ ಒಳಗೆ ಕೊರಳು ಮುಚ್ಚುವ ಟಿ-ಶರ್ಟ್ ಹಾಕಿ ಅದರಡಿ ಇಟ್ಟುಕೊಳ್ಳಿ ಎಂದಿತ್ತು. ಮರೆಮಾಡಿದರೆ ನನ್ನ ನಂಬಿಕೆಗೆ ಅರ್ಥವೇನು ಎಂಬುದು ಅವರ ವಾದ. ಜಗ್ಗಿದೊಡನೆ ಬಿಚ್ಚಿಕೊಳ್ಳುವ ಆಯಸ್ಕಾಂತದ ಕೊಂಡಿ ಹಾಕಿಸುತ್ತೇನೆ ಎಂದೂ ಕೇಳಿದರು. ಆಸ್ಪತ್ರೆ ಒಪ್ಪಲಿಲ್ಲ, ಕೊಂಡಿ ಬದಲಾದರೂ ಶಿಲುಬೆ ಜೋತಾಡುವುದು ತಪ್ಪುತ್ತಿರಲಿಲ್ಲ. 2009ರ ನವೆಂಬರಿನಲ್ಲಿ ಶುಶ್ರೂಷೆಯಿಂದ ಬಿಡಿಸಿ ಬೇರೊಂದು ತಾತ್ಕಾಲಿಕ ಹುದ್ದೆ ಕೊಟ್ಟರು. ಮರುವರ್ಷ ಜುಲೈಗೆ ಆ ಹುದ್ದೆಯೂ ಹೋಯಿತು. 1989ರಲ್ಲಿ ಆ ಆಸ್ಪತ್ರೆ ಸೇರಿದ್ದವರು ಅವರು.