ಕೊಲ್ಲುವುದೂ ಅದೇ, ಬೆಳೆಸುವುದೂ ಅದೇ

ಒಂದೇ ಮಳೆ ಕೊಯ್ಲಿಗೆ ಬಂದ ರಾಗಿಯನ್ನು ಕೆಡಿಸುತ್ತದೆ. ಪಕ್ಕದ ಹೊಲದ ಹುರುಳಿಯನ್ನು ಚಿಗುರಿಸುತ್ತದೆ. ನಮ್ಮ ಶರೀರದಲ್ಲಿಯೇ ಹುಟ್ಟುವ ಒಂದು ವಸ್ತುವಿನ ನಡತೆಯೂ ಇಂಥದೇ.

1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಎಂಬಾತನು ಕ್ಯಾನ್ಸರ್ ರೋಗಿಗಳಿಗೆ ಬ್ಯಾಕ್ಟೀರಿಯಗಳನ್ನು ಚುಚ್ಚಿ ಚಿಕಿತ್ಸೆ ಮಾಡತೊಡಗಿದನು. ಜ್ವರ ಬಂದು, ಕೆಲವರಲ್ಲಿ ಗಡ್ಡೆ ಕರಗಿತು. ಕರಗಿಸಿದುದು ಬ್ಯಾಕ್ಟೀರಿಯದ ವಿಷವೋ, ವಿಷದಿಂದ ಕೆರಳಿದ ಶರೀರವೋ?

ಈ ಪ್ರಶ್ನೆಗೆ 1975ರಲ್ಲಿ ಅದೇ ನಗರದ ಎಲಿಜಬೆತ್ ಕಾರ್ಸ್‌ವೆಲ್, ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು ಉತ್ತರ ಕಂಡರು. ಅವರು ಇಲಿಗಳಿಗೆ ಮೊದಲು ಬಿ.ಸಿ.ಜಿ. ಕೊಟ್ಟು ರೋಗನಿರೋಧಕ ಶಕ್ತಿಯನ್ನು ಎಚ್ಚರಿಸಿದರು. ಬಳಿಕ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯ ವಿಷವನ್ನು ಚುಚ್ಚಿದರು. ಆ ಇಲಿಗಳ ರಕ್ತದಿಂದ ತೆಗೆದ ಸೀರಮ್ಮನ್ನು ಗಡ್ಡೆಯುಳ್ಳ ಬೇರೆ ಇಲಿಗಳಿಗೆ ಕೊಟ್ಟಾಗ ಗಡ್ಡೆಗಳು ಕೊಳೆತುಹೋದವು. ಪ್ರಯೋಗಶಾಲೆಯಲ್ಲಿ ಕೃಷಿಮಾಡಿದ ಎರಡು ಬಗೆಯ ಕ್ಯಾನ್ಸರ್ ಕೋಶಗಳೂ ಅದರಿಂದ ಸತ್ತವು. ಇಲಿಯ ಭ್ರೂಣದ ಕೋಶಗಳಿಗೆ ಮಾತ್ರ ಬಾಧೆಯಾಗಲಿಲ್ಲ. ಇದು ಉಳಿದುಕೊಂಡ ವಿಷದ ಕೆಲಸವಲ್ಲ, ವಿಷದಿಂದ ಕೆರಳಿದ ಶರೀರದ ಕೋಶಗಳೇ ಸುರಿಸಿದ ವಸ್ತುವಿನ ಕೆಲಸವೆಂದು ಸಿದ್ಧವಾಯಿತು. ಅದಕ್ಕೆ ‘ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್’, ಸಂಕ್ಷೇಪವಾಗಿ ಟಿ.ಎನ್.ಎಫ್., ಎಂದು ಹೆಸರಾಯಿತು.

ಹಾಗಾದರೆ ಕ್ಯಾನ್ಸರಿಗೆ ರಾಮಬಾಣವೇ ದೊರೆಯಿತಲ್ಲವೆ? 1985ರಲ್ಲಿ ಶುದ್ಧ ಟಿ.ಎನ್.ಎಫ್.ಅನ್ನು ಹಲವು ಬಗೆಯ ಮಾನವ ಕೋಶಗಳ ಮೇಲೆ ಪರೀಕ್ಷಿಸಲಾಯಿತು. ಕೆಲವು ಕ್ಯಾನ್ಸರ್ ಕೋಶಗಳ ಬೆಳವಣಿಗೆ ಕುಗ್ಗಿತು. ಕೆಲವು ಲೆಕ್ಕಿಸಲೇ ಇಲ್ಲ. ಸೋಜಿಗವೆಂದರೆ, ಅಂಗಾಂಶಗಳನ್ನು ಹೆಣೆಯುವ ಸಹಜ ಫೈಬ್ರೋಬ್ಲಾಸ್ಟ್ ಕೋಶಗಳು ಇನ್ನಷ್ಟು ವೇಗವಾಗಿ ಬೆಳೆದವು!

ಇದರ ಮರ್ಮ ಕೋಶದೊಳಗಿದೆ. ಟಿ.ಎನ್.ಎಫ್. ವಿಷವಲ್ಲ, ಸಂದೇಶ. ಕೋಶದ ಹೊರಮೈಯ ಗ್ರಾಹಕಕ್ಕೆ ಅದು ಅಂಟಿಕೊಂಡೊಡನೆ ಒಳಗೆ ಎರಡು ದಾರಿಗಳು ತೆರೆಯುತ್ತವೆ: ಒಂದು ಸಾವಿನದು, ಇನ್ನೊಂದು ರಕ್ಷಕ ಪ್ರೋಟೀನುಗಳನ್ನು ತಯಾರಿಸಿ ಬದುಕುವುದು. ಹೊಸ ಪ್ರೋಟೀನಿನ ತಯಾರಿಕೆಯನ್ನು ಔಷಧದಿಂದ ತಡೆದರೆ, ಜಗ್ಗದಿದ್ದ ಎಷ್ಟೋ ಕೋಶಗಳೂ ಸಾಯುತ್ತವೆ.

ರೋಗಿಗಳಲ್ಲಿ ಕಥೆ ಕಠಿನವಾಯಿತು. ರಕ್ತಕ್ಕೆ ಹರಿಸಿದ ಟಿ.ಎನ್.ಎಫ್. ಗಡ್ಡೆಯೊಂದನ್ನೇ ಅಲ್ಲ, ರಕ್ತನಾಳಗಳನ್ನೂ ತಟ್ಟಿತು. ರಕ್ತದೊತ್ತಡ ಅಪಾಯಕರವಾಗಿ ಕುಸಿಯಿತು. ಆದುದರಿಂದ ಯೂರೋಪಿನಲ್ಲಿ ಅದರ ಬಳಕೆ, ಕೈಕಾಲುಗಳ ರಕ್ತಸಂಚಾರವನ್ನು ದೇಹದಿಂದ ಬೇರ್ಪಡಿಸಿ ಮಾಡುವ ಚಿಕಿತ್ಸೆಗೆ ಸೀಮಿತವಾಯಿತು. ಅದಕ್ಕಿಂತ ಹೆಚ್ಚಿನ ಉಪಕಾರವಾದುದು ಅದನ್ನು ತಡೆಯುವ ಔಷಧಗಳಿಂದ: 1998ರಿಂದೀಚೆಗೆ ಸಂಧಿವಾತ ಮತ್ತು ಕರುಳಿನ ಉರಿಯೂತದ ಅಸಂಖ್ಯ ರೋಗಿಗಳು ಅವುಗಳಿಂದ ನೆಮ್ಮದಿ ಕಂಡಿದ್ದಾರೆ.

ಪ್ರಯೋಗಶಾಲೆಯ ತಟ್ಟೆ ಸುಳ್ಳಾಡುವುದಿಲ್ಲ. ಆದರೆ ಅದು ತನ್ನಲ್ಲಿಟ್ಟ ಕೋಶದ ಮಾತನ್ನಷ್ಟೇ ಆಡುತ್ತದೆ. ಇಡೀ ಶರೀರದ ಪರವಾಗಿ ಅಲ್ಲ. ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ವಸ್ತುಗಳ ಜಾಹೀರಾತನ್ನು ಓದುವಾಗ ನಾವು ಇದನ್ನು ನೆನೆಯುವುದು ಒಳ್ಳೆಯದು.